ಆಯಿಯ ಕೊರಳಲ್ಲಿ ಎರಡು ಕರಡಿಗೆ

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವುದು ನನ್ನ ಹುಟ್ಟುಗುಣ. ಬೆಂಗಳೂರಲ್ಲಿ ಐಟಿಐ ಓದುವಾಗ ರೂಮಿನ ಗೆಳೆಯನ ಬೆನ್ನು ಹತ್ತಿ ಮಾರ್ಮನ್ ಅನ್ನುವ ಕ್ರೈಸ್ತ ಪಂಗಡದ ಸಭೆಗೆ ಹೋದೆ. ಮೊದಲು ಹಾಡು ಹಿಡಿಸಿತು, ಆಮೇಲೆ ನಂಬಿಕೆಯೂ ಬಂತು, ವರ್ಷದೊಳಗೆ ದೀಕ್ಷಾಸ್ನಾನವಾಯಿತು. ಇಪ್ಪತ್ತೊಂದನೇ ವಯಸ್ಸಿಗೆ, ಎರಡು ವರ್ಷ ಫಿಜಿ ದ್ವೀಪದಲ್ಲಿ ಧರ್ಮ ಸಾರಲು ಹೊರಡಬೇಕೆಂದು ಕರೆ ಬಂತು.

ಹೊರಡುವ ಮುಂಜಾನೆ ಗುಡಗೇರಿಯ ನಮ್ಮ ಮನೆಯಲ್ಲಿ, ಹುಟ್ಟಿದಾಗ ಕಟ್ಟಿದ ಇಷ್ಟಲಿಂಗವನ್ನು ಕೊರಳಿಂದ ತೆಗೆದೆ. ಹೊಳೆಗೆ ಬಿಡುವ ಧೈರ್ಯವಿರಲಿಲ್ಲ, ಕಟ್ಟಿಕೊಂಡು ಹೋಗುವ ಮನಸ್ಸೂ ಇರಲಿಲ್ಲ. ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ದಾರದ ಸಮೇತ ಜಗಲಿ ಮೇಲಿನ ಗೂಟಕ್ಕೆ ತೂಗುಹಾಕಿದೆ.

ಅಪ್ಪನ ತಾಯಿಯನ್ನು ನಾವು ಆಯಿ ಅಂತಿದ್ದೆವು. ಆಯಿ ನೋಡಿಬಿಟ್ಟಳು. "ಅಂಗಿ ಏನಲೇ ಅದು, ಗೂಟಕ್ಕ ಹಾಕಾಕ?" ಅಂದವಳೇ ಅದನ್ನಿಳಿಸಿ, ತನ್ನದೊಂದು ಇದ್ದ ಕೊರಳಿಗೆ ನನ್ನದನ್ನೂ ಹಾಕಿಕೊಂಡಳು. "ನೀ ಬರೂತನಾ ಎರಡಕ್ಕೂ ನಾನ ನೀರು ಹಾಕ್ತೀನಿ. ಬಂದು ತಗೋ."

ಅಪ್ಪ ಬಾಗಿಲಲ್ಲಿ ನಿಂತಿದ್ದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅದು ಅಕಿ ಕೊಳ್ಳಾಗ ಇರೂತನಾ ನೀ ಈ ಮನಿ ಮಗ. ಮುಂದಿಂದು ನಾ ಹೇಳಂಗಿಲ್ಲ" ಅಂದ.

ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ಆಯಿ ಆಗ ಇನ್ನೂ ಒಬ್ಬಳೇ ಕೂತು ಮೂವತ್ತು ರೊಟ್ಟಿ ಬಡಿಯುತ್ತಿದ್ದಳು.

ಫಿಜಿಯಲ್ಲಿ ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರಿನ ಕಪ್ಪು ಬಿಲ್ಲೆ. ನಮ್ಮನ್ನು ಎಲ್ಡರ್ ಅನ್ನುತ್ತಿದ್ದರು, ಅಂದರೆ ಹಿರಿಯ. "ಹಿರ್ಯಾ ಅಂತ! ಮೀಸಿ ಇನ್ನೂ ಸರ್ಯಾಗಿ ಮೂಡಿಲ್ಲ" ಅಂತ ಆಯಿ ಫೋನಿನಲ್ಲೇ ನಕ್ಕಿದ್ದಳು. ಜೊತೆಗಾರನ ಕಣ್ಣಳತೆ ಬಿಟ್ಟು ಹೋಗಬಾರದೆಂಬುದು ನಿಯಮ. ನನ್ನ ಜೊತೆಗಾರ ಸಮೋವಾದವನು, ಬಾಗಿಲು ತುಂಬುವಂಥ ಆಳು, ಮಾತು ಮಾತ್ರ ಮೆತ್ತಗೆ. ದಿನವಿಡೀ ಕಬ್ಬಿನ ಗದ್ದೆಗಳ ನಡುವೆ ನಡೆದು ಬಾಗಿಲು ಬಡಿಯುತ್ತಿದ್ದೆವು. ಹತ್ತು ಬಾಗಿಲಲ್ಲಿ ಒಂಬತ್ತು ತೆರೆಯುತ್ತಿರಲಿಲ್ಲ.

ಸೋಮವಾರ ಬಿಡುವು, ಮನೆಗೆ ವಿಡಿಯೊ ಕಾಲ್ ಮಾಡಬಹುದು. ನಮಗೆ ಮಧ್ಯಾಹ್ನವಾದಾಗ ಊರಲ್ಲಿ ಬೆಳಗು, ಆಯಿಯ ಪೂಜೆಯ ಹೊತ್ತು. ಅವ್ವ ಫೋನನ್ನು ತಂಬಿಗೆಗೆ ಆನಿಸಿ ಇಡುತ್ತಿದ್ದಳು. ಆಯಿ ಎಡಗೈಯಲ್ಲಿ ಒಂದು ಲಿಂಗವಿಟ್ಟು ನೀರು ಹಾಕಿ, ವಿಭೂತಿ ಹಚ್ಚಿ, ಹೂ ಏರಿಸಿ, ಮತ್ತೆ ಎರಡನೆಯದನ್ನು ತೆಗೆಯುವಳು. ಒಮ್ಮೆ ಜೊತೆಗಾರ ಇಣುಕಿ ಕೇಳಿದ, ಆ ಎರಡನೆಯದು ಯಾರದು?

"ಅಜ್ಜನದು. ತೀರಿಕೊಂಡಿದ್ದಾನೆ" ಅಂದೆ.

ಸತ್ತವರ ಲಿಂಗ ಮನೆಯಲ್ಲಿ ಉಳಿಯುವುದಿಲ್ಲ. ಎಡಗೈಯಲ್ಲಿಟ್ಟು ಅವರ ಜೊತೆಗೇ ಮಣ್ಣು ಮಾಡುತ್ತಾರೆ. ಇದು ನಮ್ಮ ಕಡೆಯ ಸಣ್ಣ ಹುಡುಗರಿಗೂ ಗೊತ್ತು. ಬದುಕಿರುವ ನನ್ನದನ್ನು ನನ್ನ ಬಾಯಾರೆ ಸತ್ತವನದು ಅಂದುಬಿಟ್ಟಿದ್ದೆ.

ಎರಡನೇ ವರ್ಷದ ಮಳೆಗಾಲ. ಅಂಗಳದಲ್ಲಿ ಬಿದಿರಿಗೆ ಹನುಮಂತನ ಕೆಂಪು ಬಾವುಟ ಕಟ್ಟಿದ್ದ ಮನೆಯೊಂದರ ಬಾಗಿಲು ಬಡಿದೆವು. ಹಿಂದೆ ಯಾವಾಗಲೋ ಕಬ್ಬಿನ ಕೂಲಿಗೆ ಬಂದ ನಮ್ಮ ದೇಶದವರ ವಂಶದ ಒಬ್ಬ ಮುದುಕಿ. ನೀರು ಕೊಟ್ಟು, ನಮ್ಮ ಮಾತನ್ನೆಲ್ಲ ಕೇಳಿ, ಆಕೆಯ ಹಿಂದಿಯಲ್ಲಿ ನನ್ನನ್ನಷ್ಟೇ ಕೇಳಿದಳು: "ಮನೆಯ ದೇವರನ್ನು ಯಾರ ಕೈಗೆ ಕೊಟ್ಟು ಬಂದೆ?"

"ಅಜ್ಜಿಯ ಕೈಗೆ."

"ಅಜ್ಜಿಗೆ ವಯಸ್ಸೆಷ್ಟು?"

ಎಂಬತ್ತು ದಾಟಿದೆ ಅಂದೆ. ಮುದುಕಿ ಲೋಟ ಇಸಿದುಕೊಂಡು ಒಳಗೆ ಹೋದಳು. ಕಬ್ಬಿನ ದಾರಿಯುದ್ದಕ್ಕೂ ಹಿಂದಿನಿಂದ ಯಾರೋ ಕೂಗಿದಂತಾಗಿ ತಿರುತಿರುಗಿ ನೋಡಿದೆ.

ಮುಂದಿನ ಸೋಮವಾರ ಆಯಿಯ ಕೈ ನಡುಗಿ ನೀರು ಸೀರೆಯ ಮೇಲೆ ಚೆಲ್ಲಿತು. ಅದರ ಮುಂದಿನ ವಾರ ಹೊರಸಿನ ಮೇಲೆ ಮಲಗಿಯೇ ಪೂಜೆ. ಮೊದಲು ನನ್ನದು, ಆಮೇಲೆ ತನ್ನದು. ತನ್ನದನ್ನು ಮುಗಿಸುವಷ್ಟು ಕಸುವು ಉಳಿಯಲಿಲ್ಲ. "ಯಾವಾಗ ಬರ್ತಿ?" ಅಂತ ಮಾತ್ರ ಕೇಳಿದಳು.

ಸಭೆಯ ಮೇಲಿನವರಿಗೆ ಹೇಳಿದ್ದರೆ ಊರಿಗೆ ಕಳಿಸುತ್ತಿದ್ದರು. ನಾನು ಹೇಳಲಿಲ್ಲ. ಇನ್ನು ನಾಲ್ಕೇ ತಿಂಗಳು, ಸೇವೆ ಅರ್ಧಕ್ಕೆ ಬಿಡಬಾರದು ಅಂದುಕೊಂಡೆ. ನಿಜ ಬೇರೆಯೇ ಇತ್ತು. ಹೋದರೆ ಆಯಿ ಅದನ್ನು ಕೊರಳಿಂದ ತೆಗೆದು ನನ್ನೆದುರು ಹಿಡಿಯುತ್ತಾಳೆ. ತಗೊಂಡರೆ ನನ್ನ ನಂಬಿಕೆ ಸುಳ್ಳು, ಬ್ಯಾಡ ಅಂದರೆ ಆಕೆಯ ಎರಡು ವರ್ಷ ಸುಳ್ಳು. ಹೆದರಿದ್ದೆ. ಹೆದರಿಕೆಗೆ ಸೇವೆ ಅಂತ ಹೆಸರಿಟ್ಟುಕೊಂಡಿದ್ದೆ.

ಒಂದು ಸೋಮವಾರ ಫೋನಿನಲ್ಲಿ ಮನೆಯ ತೊಲೆಗಳಷ್ಟೇ ಕಂಡವು. ಯಾರೂ ಅದನ್ನು ಎತ್ತಿ ಹಿಡಿಯಲಿಲ್ಲ. ಆಮೇಲೆ ಅಪ್ಪನ ದನಿ: "ಆಯಿ ನಿನ್ನೆ ಲಿಂಗೈಕ್ಯ ಆದ್ಲು. ಮಣ್ಣೂ ಆತು."

ಅಳು ಬರುವ ಮೊದಲೇ ನಾನು ಕೇಳಿದ್ದು ಆಕೆಯ ಬಗ್ಗೆ ಅಲ್ಲ. ಅದಕ್ಕೆ ನಾನಿನ್ನೂ ನಾಚುತ್ತೇನೆ. "ಅಪ್ಪಾ, ನಂದು ಎಲ್ಲೈತಿ?"

"ಅಕಿ ಎಡಗೈಯಾಗ. ಎರಡೂ. ನಾನ ಇಟ್ಟೇನಿ."

ಮೂರು ತಿಂಗಳ ನಂತರ ಸೇವೆ ಮುಗಿಸಿ ಊರಿಗೆ ಬಂದೆ. ಅವ್ವ ಊಟಕ್ಕೆ ಬಡಿಸಿದಳು, ಅಪ್ಪ ಪ್ರಯಾಣ ಹೆಂಗಾತು ಅಂತ ಬಂದ ಬೀಗರನ್ನು ಕೇಳುವಂತೆ ಕೇಳಿದ. ಅಂವ ಅಷ್ಟು ಮರ್ಯಾದೆಯಿಂದ ನನ್ನ ಜೊತೆ ಎಂದೂ ಮಾತಾಡಿರಲಿಲ್ಲ. ಸಂಜೆ ಅವ್ವ ನನ್ನನ್ನು ಹೊಲಕ್ಕೆ ಕರೆದೊಯ್ದಳು. ಬದುವಿನ ಪಕ್ಕ ಆಯಿಯ ಮೇಲೆ ಎಳೆದ ಎರೆಮಣ್ಣಿನ ದಿಬ್ಬ ಆಗಲೇ ಸೀಳುಬಿಟ್ಟಿತ್ತು. ಮಣ್ಣು ಕೊಡುವ ದಿನ ಮನೆಯವರೆಲ್ಲ ಒಂದೊಂದು ಹಿಡಿ ಹಾಕುತ್ತಾರೆ, ನನ್ನದೊಂದು ಬಾಕಿಯಿತ್ತು. ಬಗ್ಗಿ ಹಿಡಿ ತುಂಬಿಕೊಂಡೆ.

ಅವ್ವ ಗಬಕ್ಕನೆ ನನ್ನ ಮಣಿಕಟ್ಟು ಹಿಡಿದಳು. ಆಕೆಯ ಕೈ ತಣ್ಣಗಿತ್ತು.

"ಬ್ಯಾಡೋ ಯಪ್ಪಾ," ಅಂದಳು, "ಅದರಾಗ ನೀನೂ ಅದಿ. ತನ್ನ ಮಣ್ಣು ತಾನ ಯಾರೂ ಹಾಕ್ಕೊಳ್ಳಂಗಿಲ್ಲ."