ಎರಡು ಬೀಗದ ರಿವಾಲ್ವರು

ಹದಿನೆಂಟು ವರ್ಷ ನನ್ನ ವ್ಯಾನಿನಲ್ಲಿ ಒಂದು ರಿವಾಲ್ವರು ಓಡಾಡಿತು. ಅದರಿಂದ ಒಂದು ಕಾಗೆಯೂ ಸಾಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ರಿವಾಲ್ವರು ಎಂದ ಕೂಡಲೇ ಕೇಳುವವರು ಢಂ ಎನ್ನುವ ಶಬ್ದಕ್ಕೆ ಕಾಯುತ್ತಾ ಕೂರುತ್ತಾರೆ.

ನಾನು ರೇಷ್ಮೆ ನೂಲಿನ ವ್ಯಾಪಾರಿ. ಕನಕಪುರ, ಮಾಗಡಿ, ಚನ್ನಪಟ್ಟಣದ ಕಡೆ ಗೂಡು ಬೇಯಿಸಿ ನೂಲು ತೆಗೆಯುವ ರೀಲರುಗಳ ಬಾಗಿಲಿಗೆ ಹೋಗಿ, ನೂಲು ಕೊಂಡು, ವ್ಯಾನಿಗೆ ತುಂಬಿ ರಾಮನಗರಕ್ಕೆ ತರುವುದು ನನ್ನ ಕೆಲಸವಾಗಿತ್ತು. ಒಂದು ಸಂಜೆ ಸಾತನೂರು ದಾಟಿದ ಮೇಲೆ ನಾಲ್ಕು ಜನ ರಸ್ತೆಗೆ ಕಲ್ಲು ಅಡ್ಡ ಇಟ್ಟು ಎರಡು ಮೂಟೆ ನೂಲು ಇಳಿಸಿಕೊಂಡರು. ಹೋಗುವಾಗ ಕಲ್ಲನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟರು. ಅಷ್ಟರ ಮಟ್ಟಿಗೆ ಮರ್ಯಾದಸ್ಥರು. ಮಾರನೆಯ ವಾರವೇ ನಾನು ಪರವಾನಗಿಗೆ ಅರ್ಜಿ ಹಾಕಿದೆ. ಆಗಿನ್ನೂ ರಾಮನಗರ ಜಿಲ್ಲೆಯಾಗಿರಲಿಲ್ಲ. ಒಂದೊಂದು ಕಾಗದಕ್ಕೂ ಬೆಂಗಳೂರಿಗೆ ಅಲೆಯಬೇಕಿತ್ತು.

ಅರ್ಜಿದಾರನ ನಡತೆ ವಿಚಾರಿಸಲು ಪೊಲೀಸಿನವರೊಬ್ಬರು ನಮ್ಮ ಬೀದಿಗೆ ಬಂದರು. ಎದುರು ಮನೆಯ ಮುದುಕ ಸತ್ಯವಂತ. "ಮನ್ಸ ಚಿನ್ನದಂತೋನು ಸ್ವಾಮಿ. ಕ್ವಾಪ ಒಂದು ಒಸಿ ಜಾಸ್ತಿ" ಎಂದ. ಪೊಲೀಸಿನವರು ಮೊದಲ ವಾಕ್ಯ ಬರೆದುಕೊಂಡರು. ಎರಡನೆಯ ವಾಕ್ಯದ ಹೊತ್ತಿಗೆ ಕಾಫಿ ಬಂದಿತ್ತು.

ನನ್ನ ಕೋಪದ ವಿಷಯವನ್ನು ನನ್ನ ಹೆಂಡತಿಗೆ ಯಾರೂ ಹೇಳಬೇಕಿರಲಿಲ್ಲ. ಕ್ರಿಕೆಟ್ಟಿನ ಕಾಮೆಂಟರಿ ಸರಿಯಾಗಿ ಕೇಳಿಸಲಿಲ್ಲವೆಂದು ರೇಡಿಯೋವನ್ನು ಬಾವಿಗೆ ಎಸೆದವನು ನಾನು. ಆಮೇಲೆ ಪಾತಾಳಗರಡಿ ಬಿಟ್ಟು ಅದನ್ನು ಮೇಲೆತ್ತಿದವನೂ ನಾನೇ. ರಿವಾಲ್ವರು ಮನೆಗೆ ಬಂದ ದಿನ ಅವಳು ಅದನ್ನು ಮುಟ್ಟಲಿಲ್ಲ. ಕಬ್ಬಿಣದ ಎರಡು ಸಣ್ಣ ಪೆಟ್ಟಿಗೆ ತರಿಸಿದಳು.

"ಕಳ್ಳರು ಮೂಟೆ ಹೊತ್ಕಂಡೋದ್ರೆ ಇನ್ನೊಂದ್ ಮೂಟೆ ತರಬೌದು. ನೀವು ಕ್ವಾಪದಾಗೆ ಯಾರನ್ನಾರ ಹೊಡ್ದಾಕ್ಬುಟ್ರೆ ಆ ಮನೇನೂ ಹಾಳು, ಈ ಮನೇನೂ ಹಾಳು. ನಂಗೆ ಕಳ್ಳರ ಭಯ ಇಲ್ಲ, ನಿಮ್ ಭಯ" ಎಂದಳು.

ರಿವಾಲ್ವರು ಒಂದು ಪೆಟ್ಟಿಗೆಯಲ್ಲಿ, ಅದರ ಚಾವಿ ನನ್ನ ಹತ್ತಿರ. ಗುಂಡುಗಳು ಇನ್ನೊಂದರಲ್ಲಿ, ಅದರ ಚಾವಿ ನಮ್ಮ ವ್ಯಾನಿನ ಡ್ರೈವರನ ಹತ್ತಿರ. ಇದು ಅವಳು ಮಾಡಿದ ಕಾನೂನು. ಇದರ ಮೇಲೆ ಸರ್ಕಾರದ್ದು ಬೇರೆ ಇತ್ತು: ಪರವಾನಗಿ ಪುಸ್ತಕ ಸದಾ ಜೇಬಿನಲ್ಲಿರಬೇಕು, ಬೇರೆಯವರ ಕೈಗೆ ಕೊಡಬಾರದು, ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ನಾನಿಲ್ಲದೆ ವ್ಯಾನು ಹೊರಟರೆ ಎರಡೂ ಪೆಟ್ಟಿಗೆ ಮನೆಯ ಬೀರುವಿನಲ್ಲೇ ಉಳಿಯುತ್ತಿದ್ದವು. ಹೋಟೆಲಿಗೆ ಹೋದರೆ ಅವನ್ನು ವ್ಯಾನಿನಲ್ಲಿ ಬಿಡುವ ಹಾಗಿಲ್ಲ. ಬಟ್ಟೆ ಚೀಲದಲ್ಲಿ ಹಾಕಿಕೊಂಡು ತೊಡೆಯ ಮೇಲಿಟ್ಟುಕೊಂಡೇ ದೋಸೆ ತಿನ್ನುತ್ತಿದ್ದೆ. ಮಾಣಿಗಳು ಒಡವೆ ಎಂದುಕೊಂಡಿದ್ದರು.

ಇನ್ನು ಕಳ್ಳರು ಬಂದರೆ, ನಾನೊಂದು ಬೀಗ, ಡ್ರೈವರು ಒಂದು ಬೀಗ ತೆಗೆದು, ಗುಂಡು ತುಂಬುವ ತನಕ ಅವರು ತಾಳ್ಮೆಯಿಂದ ನಿಂತಿರಬೇಕಿತ್ತು. ಅಷ್ಟು ತಾಳ್ಮೆ ಇದ್ದವರು ಕಳ್ಳತನಕ್ಕೆ ಯಾಕೆ ಬರುತ್ತಾರೆ? ಮನೆಯಲ್ಲೇ ರೇಷ್ಮೆ ಹುಳು ಸಾಕುತ್ತಾರೆ.

ಡ್ರೈವರು ಹಾರೋಹಳ್ಳಿ ಕಡೆಯವನು, ನನಗಿಂತ ಒಂದೆರಡು ವರ್ಷ ಚಿಕ್ಕವನು. ಮಾತು ಕಡಿಮೆ. ಹಾರ್ನನ್ನೂ ಕಡಿಮೆ ಹಾಕುತ್ತಿದ್ದ. ಎಮ್ಮೆ ತಾನಾಗಿ ರಸ್ತೆ ಬಿಡುವವರೆಗೆ ಅದರ ಹಿಂದೆಯೇ ಹೋಗುವ ಜಾತಿಯವನು. ಅವನ ನಿಧಾನಕ್ಕೆ ನಾನು ದಿನಕ್ಕೆರಡು ಸಲವಾದರೂ ಬಯ್ಯುತ್ತಿದ್ದೆ.

ಐದಾರು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಮಾಗಡಿ ಕಡೆಯ ಒಬ್ಬ ರೀಲರನ ಮನೆಗೆ ಹೋದೆವು. ಹಿಂದಿನ ವಾರ ಅವನು ಕೊಟ್ಟಿದ್ದ ನೂಲು ಒದ್ದೆಯಾಗಿತ್ತು. ನೂಲಿಗೆ ನೀರು ಚಿಮುಕಿಸಿ ತೂಕ ಹೆಚ್ಚಿಸುವುದು ನಮ್ಮ ಕಸುಬಿನ ಹಳೆಯ ವಿದ್ಯೆ. ನೇಕಾರರು ಮೂಟೆಯನ್ನು ನನ್ನ ಮುಖಕ್ಕೆ ಎಸೆಯದೆ ವಾಪಸು ಕಳಿಸಿದ್ದರು, ಅದೇ ದೊಡ್ಡದು. ನಾನು ಅಂಗಳದಲ್ಲಿ ನಿಂತು ಕೇಳಿದೆ. ಅವನು ಒಲೆಯ ಹೊಗೆಯಿಂದ ಎದ್ದು ಬಂದು, ಕೆಲಸದ ಹೆಂಗಸರೆಲ್ಲ ಕೇಳುವ ಹಾಗೆ ಅಂದ: "ನಿಮ್ಮಪ್ಪ ತಕ್ಕಡಿ ತಳಕ್ಕೆ ಹುಣಸೇಹಣ್ಣು ಅಂಟಿಸ್ಕಂಡು ಬದುಕ್ದೋನು. ಅವನ ಮಗ ನೀನು, ನಂಗೆ ತ್ಯಾವದ್ ಪಾಠ ಹೇಳ್ಕೊಡಕ್ ಬಂದ್ಯಾ?"

ನಮ್ಮಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು.

ನಾನು ತಿರುಗಿ ವ್ಯಾನಿನ ಹತ್ತಿರ ಬಂದು ನನ್ನ ಪೆಟ್ಟಿಗೆಯ ಬೀಗ ತೆಗೆದೆ. ರಿವಾಲ್ವರು ಕೈಯಲ್ಲಿತ್ತು. ಸ್ಟೀರಿಂಗಿನ ಮುಂದೆ ಕೂತಿದ್ದ ಡ್ರೈವರನಿಗೆ "ಚಾವಿ ಕೊಡೋ" ಎಂದೆ. ನನ್ನ ದನಿ ನನಗೇ ಗುರುತು ಸಿಗದಷ್ಟು ಮೆತ್ತಗಿತ್ತು. ಹೆದರಿಸಲು ಕೇಳಿದೆ ಎಂದು ಈಗ ಬರೆಯಬಹುದು. ಸುಳ್ಳು ಯಾಕೆ? ಹೊಡೆಯಲಿಕ್ಕೇ ಕೇಳಿದ್ದು.

ಅವನು ನನ್ನ ಮುಖ ನೋಡಿದ, ಕೈ ನೋಡಿದ. "ಕೊಟ್ಟೆ, ಒಸಿ ತಡ್ಕಳಣ್ಣ" ಎಂದು ಅಂಗಿ ಜೇಬು ತಡವಿದ. ಪ್ಯಾಂಟಿನ ಜೇಬು ತಡವಿದ. ಬೀಡಿ ಕಟ್ಟು ತೆಗೆದು ಒಳಗೆ ಇಣುಕಿದ. ಸೀಟು ಎತ್ತಿದ. "ಇಲ್ಲೇ ಮಡಗಿದ್ದೆ ಕಣಣ್ಣ" ಎಂದು ಕೆಳಗಿಳಿದು ಚಕ್ರದ ಹತ್ತಿರ ಕೂತ.

ಅಷ್ಟರಲ್ಲಿ ರೀಲರು ಬರುವ ಸದ್ದಾಯಿತು. ನಾನು ರಿವಾಲ್ವರನ್ನು ಪೆಟ್ಟಿಗೆಗೆ ತುರುಕಿ ಮುಚ್ಚಳ ಮುಚ್ಚಿದೆ.

"ಏನ್ಲಾ ಕಳ್ಕಂಡೆ?" ಎಂದು ಅವನು ಡ್ರೈವರನನ್ನು ಕೇಳಿದ.

"ಚಾವಿ ಕಣಣ್ಣ. ಸಣ್ದು. ಇಲ್ಲೇ ಎಲ್ಲೋ ಬಿದ್ದೋಗೈತೆ."

ನಮ್ಮ ಕಡೆ ಜಗಳ ಬೇರೆ, ಕಳೆದ ವಸ್ತು ಬೇರೆ. ಬಾಗಿಲಲ್ಲಿ ಒಬ್ಬರ ಚಾವಿ ಕಳೆದಿದೆ ಎಂದರೆ ಮನೆಯವನು ಸುಮ್ಮನೆ ನಿಲ್ಲುವುದಿಲ್ಲ. ಅವನು ಲುಂಗಿ ಎತ್ತಿ ಕಟ್ಟಿ, ಗೂಡು ಬೇಯಿಸಿದ ನೀರು ಹರಿದು ನಾರುತ್ತಿದ್ದ ಆ ನೆಲಕ್ಕೆ ಕೈಯೂರಿ, ನನ್ನ ಕಾಲ ಬುಡದಲ್ಲೇ ಬಗ್ಗಿ ಹುಡುಕತೊಡಗಿದ. ಅವನ ಕತ್ತು ನನ್ನ ಮೊಣಕಾಲಿನ ಹತ್ತಿರವಿತ್ತು. ಅಲ್ಲಿ ಒಂದು ಎಳೆ ರೇಷ್ಮೆ ಬೆವರಿಗೆ ಅಂಟಿಕೊಂಡು ಮಿನುಗುತ್ತಿತ್ತು. ಕಾಲರು ಹರಿದಿತ್ತು, ಯಾರೋ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದರು. "ಹಿತ್ತಾಳೇದ, ಕಬ್ಬುಣದ್ದ?" ಎಂದು ತಲೆ ಎತ್ತದೆ ಕೇಳಿದ.

ನಿಲ್ಲಲಾಗದೆ ನಾನೂ ಕೂತೆ. ಕೂತ ಮೇಲೆ ಸುಮ್ಮನಿರಲಾಗದೆ ನಾನೂ ಹುಡುಕಿದೆ. ಅದು ಸಿಗದಿರಲಿ ಎಂದು ನಮ್ಮ ಮನೆದೇವರನ್ನು ಬೇಡಿಕೊಳ್ಳುತ್ತಾ ಹುಡುಕಿದೆ.

ಅರ್ಧ ಗಂಟೆಯಾದರೂ ಸಿಗಲಿಲ್ಲ. ರೀಲರು ಎದ್ದು ಮಂಡಿ ಒರೆಸಿಕೊಂಡು, "ಬುಡಿ, ಆ ನೂಲ್ನ ಬಿಸ್ಲಿಗಾಕಿ ತಿರ್ಗಾ ತೂಗಾಣ. ಮೊದ್ಲು ಕಾಪಿ ಕುಡೀರಿ" ಎಂದ. ಕುಡಿದೆ.

ರಾಮನಗರದವರೆಗೂ ಡ್ರೈವರನಿಗೆ ಬೈದೆ. ಬೇಜವಾಬ್ದಾರಿ, ದಂಡಪಿಂಡ, ಕೊಟ್ಟ ಚಾವಿ ಜೋಪಾನ ಮಾಡದವನು. ಅವನು ಗೇರು ಬದಲಿಸಿಕೊಂಡು ಕೇಳಿಸಿಕೊಂಡ. ಮಾರನೆಯ ದಿನ "ಚಾವಿ ಸಿಕ್ತಣ್ಣ" ಎಂದ. ಎಲ್ಲಿತ್ತು ಎಂದರೆ, "ಇದ್ದ ತಾವೇ ಇತ್ತು." ಇಂಥ ಪೆದ್ದನನ್ನು ಕಟ್ಟಿಕೊಂಡೆನಲ್ಲ ಎಂದು ಹಣೆ ಚಚ್ಚಿಕೊಂಡೆ.

ರೀಲರು ಆಮೇಲೆ ಒದ್ದೆ ನೂಲು ಕೊಡಲಿಲ್ಲ, ಅಥವಾ ಕಡಿಮೆ ಒದ್ದೆ ಕೊಟ್ಟ. ಸಂತೆಯಲ್ಲಿ, ಮದುವೆಯಲ್ಲಿ, ಎಲ್ಲಿ ಸಿಕ್ಕರೂ ಯೋಗಕ್ಷೇಮ ಕೇಳುವ ಮೊದಲು, "ಆವತ್ತಿನ್ ಚಾವಿ ಸಿಕ್ತಾ?" ಎನ್ನುತ್ತಿದ್ದ. ಸಿಕ್ಕಿತೆಂದರೆ ಅದು ಯಾವುದರ ಚಾವಿ ಎಂಬ ಮಾತು ಬರುತ್ತದಲ್ಲ, ಅದಕ್ಕೆ ನಾನು ಇಲ್ಲ ಎನ್ನುತ್ತಿದ್ದೆ.

ಕಣ್ಣು ಮಂಜಾಗಿ ಡ್ರೈವರು ಕೆಲಸ ಬಿಡುವ ದಿನ ನಮ್ಮ ಮನೆಗೆ ಊಟಕ್ಕೆ ಬಂದ. ಎಲೆ ಅಡಿಕೆ ಹಾಕಿಕೊಂಡ ಮೇಲೆ, ನನ್ನ ಹೆಂಡತಿಯ ಮುಂದೆ ಗೋಡೆ ಕಡೆ ತಿರುಗಿ ಅಂಗಿ ಎತ್ತಿ, ಉಡುದಾರಕ್ಕೆ ಕಟ್ಟಿದ್ದ ಚಾವಿ ಬಿಚ್ಚಿದ. ಗಂಟು ಬಿಗಿದು ಕಲ್ಲಾಗಿತ್ತು, ಕೊನೆಗೆ ಕತ್ತರಿ ಕೊಡಬೇಕಾಯಿತು. ಚಾವಿ ಇದ್ದ ಜಾಗದಲ್ಲಿ ಸೊಂಟದ ಚರ್ಮ ಚಾವಿಯ ಆಕಾರಕ್ಕೇ ಕಪ್ಪಾಗಿತ್ತು.

"ನೀವು ಕೊಟ್ಟ ದಿವ್ಸ ಕಟ್ಕಂಡಿದ್ದು ಅಕ್ಕ. ಮೈ ತೊಳ್ಕಳವಾಗ್ಲೂ ಬಿಚ್ಚಿಲ್ಲ" ಎಂದು ಅವಳ ಕೈಗೆ ಕೊಟ್ಟ. ನನ್ನ ಕಡೆ ನೋಡಲಿಲ್ಲ.

ಆ ವಾರವೇ ರಿವಾಲ್ವರನ್ನೂ ಪರವಾನಗಿಯನ್ನೂ ಒಪ್ಪಿಸಿ ರಸೀದಿ ತಂದೆ.

ಮುಂದಿನ ತಿಂಗಳು ಚನ್ನಪಟ್ಟಣದ ಒಂದು ಮದುವೆಯಲ್ಲಿ ಆ ರೀಲರು ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕೂತ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. "ಆವತ್ತಿನ್ ಚಾವಿ ಸಿಕ್ತಾ?"

"ಸಿಕ್ತು. ನಮ್ ಡ್ರೈವರ್ ಉಡುದಾರದಲ್ಲೇ ಇತ್ತು."

"ಅಯ್ಯೋ ಬಡ್ಡೀಮಗ! ಉಡುದಾರದಾಗೆ ಮಡಿಕ್ಕಂಡು ಅರ್ಧ ಗಂಟೆ ನನ್ನ ಕೊಚ್ಚೆಲಿ ಹುಡುಕ್ಸುದ್ನಲ್ಲಪ್ಪ!" ಎಂದು ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮಗುವೂ ನಕ್ಕಿತು. ನಾನು ನಗಲು ಹೋಗಿ ಅತ್ತುಬಿಟ್ಟೆ. ಖಾರ ನೆತ್ತಿಗೇರಿತೆಂದು ಅವನು ನನ್ನ ತಲೆ ತಟ್ಟಿ, ತನ್ನ ನೀರಿನ ಲೋಟವನ್ನು ನನ್ನ ಕಡೆ ಸರಿಸಿದ.