ಬೆಂಚಿನ ಮೇಲಿನ ಗೋಲ್‌ಕೀಪರ್

ಮೊನ್ನೆ ಮಧ್ಯಾಹ್ನ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಫೋನು ನೋಡುತ್ತಿದ್ದೆ. ಯಾರದೋ ಗೆಲುವಿನ ಸುದ್ದಿಯ ಕೆಳಗೆ ಒಂದು ಸಣ್ಣ ಫೋಟೋ: ಕೈಗವಸು ಕಳಚುತ್ತಿರುವ ಜರ್ಮನ್ ಗೋಲ್‌ಕೀಪರ್, ಫುಟ್‌ಬಾಲ್ ಆಟದಿಂದ ನಿವೃತ್ತಿ. ಹೆಸರು ಹೇಳಿದರೂ ನಿಮಗೆ ಗೊತ್ತಾಗಲಿಕ್ಕಿಲ್ಲ, ತಪ್ಪು ನಿಮ್ಮದಲ್ಲ. ಅವನು ತನ್ನ ತಂಡದ ಎರಡನೇ ಗೋಲ್‌ಕೀಪರ್. ಮೊದಲನೆಯವನಿಗೆ ಜ್ವರ ಬಂದರೆ, ಕಾಲು ಉಳುಕಿದರೆ ಇವನ ಪಾಳಿ. ಮೊದಲನೆಯವನಿಗೆ ಏನೂ ಆಗಲಿಲ್ಲ. ತಂಡ ಕಪ್ ಗೆದ್ದಾಗಲೆಲ್ಲ ಇವನೂ ಪದಕ ಹಾಕಿಕೊಂಡು ಸಾಲಿನ ತುದಿಯಲ್ಲಿ ನಿಂತ, ಚೂರೂ ಕೆಸರಾಗದ ಅಂಗಿಯಲ್ಲಿ.

ಯಾರಿಗಾದರೂ ಹೇಳಬೇಕೆನಿಸಿತು. ಕುಮಟೆಗೆ ಬಂದು ಹದಿನಾಲ್ಕು ವರ್ಷವಾದರೂ ಇಂಥದನ್ನು ಹೇಳಿಕೊಳ್ಳುವ ಒಬ್ಬರನ್ನೂ ನಾನು ಸಂಪಾದಿಸಿಲ್ಲ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಬೇಸರವಾಗುತ್ತದೆ, ಸುಳ್ಳೇಕೆ ಹೇಳಲಿ. ಈ ಸುದ್ದಿ ಕೇಳಬೇಕಾದವನು ನನ್ನೂರು ತದಡಿಯ ಗಣಪತಿ. ಅವನೊಂದಿಗೆ ನಾನು ಮಾತು ಬಿಟ್ಟಿದ್ದೆ.

ತದಡಿಯ ನಮ್ಮ ತಂಡದ ಗೋಲ್‌ಕೀಪರ್ ಗಣಪತಿ; ಎರಡನೆಯವನು ನಾನು. ದೋಣಿಯಲ್ಲಿ ಬಲೆ ಎಳೆದು ಗಟ್ಟಿಯಾದ ಆಳು, ಅವನು ಸೀನಿದ್ದನ್ನೂ ನಾನು ನೋಡಿಲ್ಲ. ನನ್ನ ಆಟದಂಗಿಯನ್ನು ಅಮ್ಮ ತೊಳೆಯದೆಯೇ ಮಡಚಿಡುತ್ತಿದ್ದಳು. ಟೀವಿಯಲ್ಲಿ ಆ ಜರ್ಮನ್ ಬೆಂಚಿನ ಮೇಲೆ ಕಂಡರೆ ಗಣಪತಿ ನನ್ನ ಬೆನ್ನಿಗೆ ಗುದ್ದುತ್ತಿದ್ದ: "ಅಗಾ, ನಿನ್ನ ಅಣ್ಣ ಕೂತ್ಕಂಡ." ನಾನೂ ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು.

ಹೊನ್ನಾವರದಲ್ಲಿ ಫೈನಲ್. ಎರಡು ಗೋಲು ಮುಂದಿದ್ದೆವು. ಅರ್ಧ ಆಟಕ್ಕೆ ಗಣಪತಿ ಕೈಗೆ ಟವೆಲ್ ಸುತ್ತಿಕೊಂಡು ಬಂದ. "ನಂಗೆ ಆಗುದಿಲ್ಲ ಮಾರಾಯ. ನೀ ನಿಲ್ಲು."

ನಿಂತೆ. ಮೂರು ಗೋಲು ಬಿಟ್ಟೆ. ಒಂದಂತೂ ನನ್ನ ಎರಡು ಕಾಲಿನ ನಡುವೆ, ಅಪ್ಪಣೆ ಕೇಳಿಕೊಂಡ ಹಾಗೆ ನಿಧಾನವಾಗಿ ಹೋಯಿತು. ಸೋತೆವು.

ವಾಪಸು ಬರುವ ಬಸ್ಸಿನಲ್ಲಿ ಗಣಪತಿ ಇರಲಿಲ್ಲ. ತಂಡದವನೊಬ್ಬ ಹೇಳಿದ: "ಅಂವಗೆ ಎಂತದೂ ಆಗ್ಲಿಲ್ಲ. ಪಾಪ, ನೀನೂ ಒಂದ್ಸಲ ಆಡ್ಲಿ ಅಂತ ಬಿಟ್ಟುಕೊಟ್ಟ." ಸೋತ ಹೊತ್ತಿನಲ್ಲಿ ಯಾರು ಏನು ಹೇಳಿದರೂ ನಂಬುತ್ತೇವೆ. ಮರುದಿನ ಬೆರಳಿಗೆ ಬ್ಯಾಂಡೇಜು ಕಟ್ಟಿಕೊಂಡು ಮನೆಗೆ ಬಂದವನಿಗೆ, "ನಾಟಕ ಸಾಕು. ನಿನ್ನ ಭಿಕ್ಷೆ ಯಾರಿಗೆ ಬೇಕಿತ್ತು?" ಎಂದು ಬಾಗಿಲು ಹಾಕಿದೆ. ಆ ತಿಂಗಳೇ ಕೆಲಸ ಸಿಕ್ಕಿ ಕುಮಟೆಗೆ ಬಂದೆ. ಮತ್ತೆ ಅವನ ಮುಖ ನೋಡಲಿಲ್ಲ.

ಡಬ್ಬಿ ಮುಚ್ಚಿದೆ. ಅರ್ಧ ದಿನದ ರಜೆ ಬರೆದುಕೊಟ್ಟು ತದಡಿ ಬಸ್ಸು ಹತ್ತಿದೆ.

ಬಂದರಿನಲ್ಲಿ ಗಣಪತಿ ಬುಟ್ಟಿಯ ಬಂಗಡೆ ಮೀನಿಗೆ ಐಸ್ ಹಾಕುತ್ತಿದ್ದ. ನೆತ್ತಿಯ ಕೂದಲು ಉದುರಿದೆ. ನನ್ನನ್ನು ನೋಡಿ, "ಎಂತ, ದಾರಿ ತಪ್ತಾ?" ಎಂದ. ಆ ಫೋಟೋ ತೆರೆದು ಫೋನನ್ನೇ ಮುಂದೆ ಹಿಡಿದೆ. ಅವನು ಕೈ ಒರೆಸಿಕೊಂಡು ತೆಗೆದುಕೊಂಡ. ಬಲಗೈಯ ಕಿರುಬೆರಳು ಮಾತ್ರ ಮಡಚದೆ ಸೊಟ್ಟಗೆ ಹೊರಗೆ ನಿಂತಿತ್ತು.

"ಇದು ಎಂತ ಆದದ್ದು?"

"ಹೊನ್ನಾವರದಲ್ಲಿ ಮುರಿದದ್ದಲ್ವಾ. ಆಟ ಮುಗಿದ್ಮೇಲೆ ಆಸ್ಪತ್ರೆಗೆ ಹೋದೆ. ತಡ ಆತು, ಆಗ್ಲೇ ಬಂದಿದ್ರೆ ಸರಿ ಕೂರ್ತಿತ್ತು ಅಂದ್ರು ಡಾಕ್ಟ್ರು."

"ಆಗ್ಲೇ ಯಾಕೆ ಹೋಗ್ಲಿಲ್ಲ?"

ಗಣಪತಿ ಫೋನು ಹಿಂದಕ್ಕೆ ಕೊಟ್ಟ. ಐಸಿನ ಮೇಲೆ ಗೋಣಿ ಎಳೆಯುತ್ತ ಹೇಳಿದ: "ನೀ ಆಡುದು ಮೊದಲ್ನೇ ಸಲ. ಬಿಟ್ಟು ಹೋಗುದು ಹೆಂಗೆ?"