ಸೋಲಾರ್ ಮಾರಲು ಬಂದವರು

ವಡಪಳನಿಯ ನಮ್ಮ ಹೋಟೆಲಿಗೆ ಸೋಲಾರ್ ವಾಟರ್ ಹೀಟರ್ ಮಾರಲು ಒಬ್ಬರು ಬರುತ್ತಿದ್ದರು. ಪಾತ್ರೆ ತೊಳೆಯಲು ದಿನವಿಡೀ ಬಿಸಿನೀರು ಕಾಯಿಸುತ್ತಿದ್ದ ನನಗೆ ಅದು ಬೇಕೇ ಇತ್ತು. ಬೇಕೆಂದು ಮುಖದಲ್ಲಿ ತೋರಿಸಬಾರದು, ಅದು ವ್ಯಾಪಾರದ ಮೊದಲ ಪಾಠ. ನಾನು ರೇಟಿನ ಮಾತೆತ್ತಿದರೆ ಅವರು, "ಇರಿ ಸಾರ್, ಮೊದ್ಲು ಸೂರ್ಯನ್ನ ಕೇಳೋಣ" ಎಂದು ಸೀಮೆಸುಣ್ಣ ಹಿಡಿದು ತಾರಸಿ ಹತ್ತುತ್ತಿದ್ದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೆರಳು ಬಿದ್ದಲ್ಲೆಲ್ಲ ಗೆರೆ ಎಳೆಯುತ್ತಿದ್ದರು.

ಆ ತಿಂಗಳು ಒಂದಾದರೂ ಆರ್ಡರ್ ಸಿಗದಿದ್ದರೆ ತಮ್ಮ ಏಜೆನ್ಸಿ ಹೋಗುತ್ತದೆಂದು ಒಮ್ಮೆ ಕಾಫಿ ಕುಡಿಯುತ್ತ ಬಾಯಿಬಿಟ್ಟರು. ಗಿರಾಕಿಯ ಮುಂದೆ ಇಂಥ ಮಾತು ಆಡಲೇಬಾರದು. ನಾನು ಅದೇ ಸಮಯ ನೋಡಿ ರೇಟು ಇಳಿಸಿ, "ಆಯ್ತು, ಹಾಕಿ" ಎಂದೆ.

ಅವರು ಪಕ್ಕದ ಸೈಟಿನಲ್ಲಿ ಮೇಲೇಳುತ್ತಿದ್ದ ಕಂಬಿಗಳತ್ತ ಕೈ ತೋರಿಸಿದರು. "ಅಲ್ಲಿ ಪಾರುಂಗ ಸಾರ್, ದಕ್ಷಿಣಕ್ಕೆ ಮೂರು ಮಹಡಿ ಏಳ್ತಿದೆ. ಆಮೇಲೆ ನಿಮ್ಗೆ ಬಿಸಿಲೇ ಸಿಗಲ್ಲ. ಬೇಡ. ನೀರು ಕಾಯ್ಸೋ ಹಂಡೆಗೆ ಮುಚ್ಚಳ ಹಾಕಿಸಿ, ಗ್ಯಾಸ್ ಉಳಿಯುತ್ತೆ" ಎಂದು ಬ್ಯಾಗ್ ಎತ್ತಿಕೊಂಡರು.

ಪಲ್ಲಾವರಂನಲ್ಲಿ ಲಾಡ್ಜ್ ನಡೆಸುವ ಭಾವನಿಗೆ ಅಂದೇ ಫೋನ್ ಮಾಡಿದೆ. "ಒಬ್ರನ್ನ ಕಳಿಸ್ತೇನೆ ಭಾವ, ಸೋಲಾರ್ ಹಾಕಿಸಿ."

"ನೀವು ಹಾಕಿಸಿದ್ರಾ ಮಾರಾಯ್ರೆ?"

"ಇಲ್ಲ. ನಂಗೆ ಬೇಡ ಅಂದ್ರು. ಅದಕ್ಕೇ ನಿಮ್ಮಲ್ಲಿಗೆ ಕಳಿಸುದು."